ಶೋಧಿಸಬೇಡ ಎನ್ನುವ ಧ್ವನಿ

ಬೇತೇಲಿನ ಮುದುಕ ಪ್ರವಾದಿಯ ಕಥೆ ನಮ್ಮ ಪ್ರಸಂಗಗಳಲ್ಲಿ ಅಪರೂಪಕ್ಕೆ ಬರುತ್ತದೆ. ಅದು ಒಂದನೆಯ ಅರಸುಗಳ ಗ್ರಂಥದ 13ನೇ ಅಧ್ಯಾಯದಲ್ಲಿದೆ. ಯೆಹೂದದಿಂದ ಬಂದ ದೇವರ ಮನುಷ್ಯನೊಬ್ಬ ಇಸ್ರಾಯೇಲಿನ ಅರಸ ಯಾರೊಬ್ಬಾಮನ ಎದುರಿಗೇ ನಿಂತು ಬೇತೇಲಿನಲ್ಲಿದ್ದ ಅವನ ಬಲಿಪೀಠದ ವಿರುದ್ಧ ಸಾರುತ್ತಾನೆ. ಅರಸನು ಮನೆಗೆ ಕರೆದರೂ, ಉಡುಗೊರೆ ಕೊಡುತ್ತೇನೆ ಎಂದರೂ ಅವನು ಒಪ್ಪುವುದಿಲ್ಲ. ಈ ಸ್ಥಳದಲ್ಲಿ ಅನ್ನ ನೀರು ಮುಟ್ಟಬಾರದು, ಬಂದ ದಾರಿಯಲ್ಲೇ ಹಿಂದಿರುಗಬಾರದು ಎಂದು ದೇವರು ತನಗೆ ಅಪ್ಪಣೆ ಕೊಟ್ಟಿದ್ದಾನೆ ಎಂದು ಹೇಳಿ ಹೊರಟುಬಿಡುತ್ತಾನೆ. ದಾರಿಯಲ್ಲಿ ಮರದ ಕೆಳಗೆ ಕುಳಿತಿದ್ದಾಗ ಮುದುಕ ಪ್ರವಾದಿಯೊಬ್ಬ ಕತ್ತೆಯೇರಿ ಹುಡುಕಿಕೊಂಡು ಬರುತ್ತಾನೆ. ನಾನೂ ನಿನ್ನಂತೆಯೇ ಪ್ರವಾದಿ, ನಿನ್ನನ್ನು ಕರೆದುಕೊಂಡು ಹೋಗಿ ಊಟಕ್ಕೆ ಇಡಬೇಕೆಂದು ದೇವದೂತನು ನನಗೆ ತಿಳಿಸಿದ್ದಾನೆ ಎನ್ನುತ್ತಾನೆ. ಅದು ಹಸಿ ಸುಳ್ಳು. ದೇವರ ಮನುಷ್ಯ ಅದನ್ನು ನಂಬಿ ಹಿಂದಿರುಗಿ ಊಟ ಮಾಡುತ್ತಾನೆ. ಮರಳುವ ದಾರಿಯಲ್ಲಿ ಸಿಂಹವೊಂದು ಅವನನ್ನು ಕೊಲ್ಲುತ್ತದೆ.

ಅರಸನ ಎದುರು ಸೋಲದವನು ಹಿರಿಯ ಸೇವಕನ ಎದುರು ಸೋತ. ಅರಸ ಶತ್ರು ಎಂದು ಅವನಿಗೆ ಗೊತ್ತಿತ್ತು, ಆದ್ದರಿಂದ ಎಚ್ಚರವಾಗಿದ್ದ. ಮುದುಕ ಬಂದದ್ದು ಅವನದೇ ಭಾಷೆಯಲ್ಲಿ, ಅವನದೇ ಕರೆಯ ಹೆಸರಿನಲ್ಲಿ, ದೇವದೂತನ ಮಾತಿನೊಂದಿಗೆ. ಇನ್ನೊಂದು ಸಂಗತಿಯನ್ನು ನಾನು ಬಹಳ ಕಾಲ ಗಮನಿಸಿರಲಿಲ್ಲ: ಆ ‘ಹೊಸ ಪ್ರಕಟನೆ’ ಅವನಿಗೆ ಕೊಟ್ಟದ್ದು ಊಟ. ಅನ್ನ ನೀರಿಲ್ಲದೆ ನಡೆದು ಬಂದವನಿಗೆ ಬೇಕಾಗಿದ್ದದ್ದೂ ಅದೇ. ದೇವರು ತನಗೆ ನೇರವಾಗಿ ಹೇಳಿದ್ದನ್ನು ಬೇರೊಬ್ಬನಿಗೆ ಹೇಳಿದ್ದು ರದ್ದುಮಾಡುತ್ತದೆಯೇ ಎಂದು ಕೇಳಲು ಅವನು ಒಂದು ಕ್ಷಣವನ್ನೂ ತೆಗೆದುಕೊಳ್ಳಲಿಲ್ಲ.

ಆತ್ಮಿಕ ವಂಚನೆ ಎಂದೊಡನೆ ನಾವು ಹೊರಗಡೆ ನೋಡುತ್ತೇವೆ. ವಿಚಿತ್ರ ಬೋಧನೆ, ಅಪರಿಚಿತ ಪಂಥ, ಅಂತ್ಯಕಾಲದ ಮೃಗ. ಯೇಸು ಹೇಳಿದ ತೋಳಗಳು ಕುರಿವೇಷದಲ್ಲಿ ಮಂದೆಯ ನಡುವೆ ಬರುತ್ತವೆ. ಸೈತಾನನು ಪ್ರಕಾಶರೂಪದ ದೂತನ ವೇಷ ಹಾಕಿಕೊಳ್ಳುತ್ತಾನೆ ಎಂದು ಪೌಲನು ಕೊರಿಂಥದವರಿಗೆ ಬರೆದದ್ದು ಅಪೊಸ್ತಲರೆಂದು ಹೇಳಿಕೊಂಡು ಸಭೆಯ ಒಳಕ್ಕೇ ಬಂದವರ ವಿಷಯದಲ್ಲಿ. ಇಂದು ಆ ವೇಷಕ್ಕೆ ಹೊಸ ಉಪಕರಣಗಳು ಸಿಕ್ಕಿವೆ. ಪ್ರಸಿದ್ಧ ಬೋಧಕರ ಮುಖವನ್ನೂ ಧ್ವನಿಯನ್ನೂ ಕೃತಕ ಬುದ್ಧಿಮತ್ತೆಯಿಂದ ನಕಲು ಮಾಡಿ ಕಾಣಿಕೆ ಕೇಳುವ ವೀಡಿಯೊಗಳು ಹರಿದಾಡುತ್ತಿವೆ. ಬೆಳಗ್ಗೆ ಕಣ್ಣು ಬಿಡುವ ಮೊದಲೇ ‘ಈ ಸಂದೇಶ ನಿನಗಾಗಿಯೇ ದೇವರು ಕಳುಹಿಸಿದ್ದು’ ಎನ್ನುವ ಪ್ರವಾದನೆ ಮೊಬೈಲ್ ಪರದೆಯ ಮೇಲೆ ಕಾದಿರುತ್ತದೆ. ನಕಲಿ ವೀಡಿಯೊ ಒಂದು ದಿನ ಬಯಲಾಗುತ್ತದೆ. ನನಗೆ ಹೆಚ್ಚು ಕಳವಳ ಹುಟ್ಟಿಸುವುದು ನಿಜವಾದ ಮುಖ, ನಿಜವಾದ ಧ್ವನಿ, ನಿಜವಾದ ಸಭೆ ಇದ್ದೂ ಒಳಗೆ ನಡೆಯುವ ವಂಚನೆ.

1986ರಲ್ಲಿ ಅಮೆರಿಕದಲ್ಲಿ ನಡೆದದ್ದನ್ನು ನೋಡಿ. ಪೀಟರ್ ಪಾಪಾಫ್ ಎಂಬ ಸ್ವಸ್ಥತಾ ಬೋಧಕರು ಸಭೆಯಲ್ಲಿ ಅಪರಿಚಿತರ ಹೆಸರು, ವಿಳಾಸ, ಕಾಯಿಲೆ ಎಲ್ಲವನ್ನೂ ದೇವರು ತಿಳಿಸಿದಂತೆ ಹೇಳುತ್ತಿದ್ದರು. ಜಾದೂಗಾರ ಜೇಮ್ಸ್ ರ್‍ಯಾಂಡಿಯವರ ತಂಡ ರೇಡಿಯೊ ಸ್ಕ್ಯಾನರ್ ಹಿಡಿದು ಸಭೆಯಲ್ಲಿ ಕುಳಿತಾಗ 39.17 ಮೆಗಾಹರ್ಟ್ಸ್‌ನಲ್ಲಿ ಬೋಧಕರ ಹೆಂಡತಿಯ ಧ್ವನಿ ಸಿಕ್ಕಿತು. ಸಭೆಗೆ ಮುಂಚೆ ಜನರು ಭರ್ತಿ ಮಾಡಿಕೊಟ್ಟ ಪ್ರಾರ್ಥನಾ ಚೀಟಿಗಳ ವಿವರಗಳನ್ನು ಆಕೆ ಗಂಡನ ಕಿವಿಯೊಳಗಿದ್ದ ಪುಟ್ಟ ಯಂತ್ರಕ್ಕೆ ಓದಿ ಹೇಳುತ್ತಿದ್ದರು. ಟಿವಿಯಲ್ಲಿ ಅದು ಪ್ರಸಾರವಾಯಿತು; ಮರುವರ್ಷ ಅವರು ದಿವಾಳಿ ಅರ್ಜಿ ಹಾಕಿದರು; ಕೆಲವು ವರ್ಷಗಳ ನಂತರ ಮತ್ತೆ ಟಿವಿಗೆ ಬಂದರು, ಮತ್ತೆ ಜನ ಸೇರಿದರು. ತಾವೇ ಕೈಯಾರೆ ಬರೆದುಕೊಟ್ಟದ್ದನ್ನು ಇನ್ನೊಬ್ಬರ ಬಾಯಲ್ಲಿ ಕೇಳಿ ಅತ್ತವರು ದಡ್ಡರಾಗಿರಲಿಲ್ಲ. ಕಾಯಿಲೆಯ ಮಗುವನ್ನು ಎತ್ತಿಕೊಂಡು ಬಂದ ತಾಯಿಗೆ ಚೀಟಿಯ ನೆನಪು ಹೇಗೆ ಬರಬೇಕು? ಕ್ರೈಸ್ತನಲ್ಲದ ಒಬ್ಬ ಜಾದೂಗಾರ ಮಾಡಿದ ಈ ಶೋಧನೆಯನ್ನು ಸಭೆಯೇ ಮಾಡಬೇಕಾಗಿತ್ತು ಎನ್ನುವುದು ನನ್ನನ್ನು ಇಂದಿಗೂ ಚುಚ್ಚುತ್ತದೆ.

‘ಅವರು ಹೇಳಿದ್ದು ಸರಿಯಾಗಿತ್ತಲ್ಲ, ಹಾಗಾದರೆ ದೇವರಿಂದಲೇ ಬಂದದ್ದು’ ಎನ್ನುವ ವಾದ ಎಲ್ಲ ಕಡೆ ಕೇಳಿಬರುತ್ತದೆ. ಧರ್ಮೋಪದೇಶಕಾಂಡ ಇದನ್ನು ಎರಡು ಕಡೆಯಿಂದ ಎದುರಿಸುತ್ತದೆ. 18ನೇ ಅಧ್ಯಾಯದ ಪ್ರಕಾರ ಕರ್ತನ ಹೆಸರಿನಲ್ಲಿ ಹೇಳಿದ ಮಾತು ನೆರವೇರದಿದ್ದರೆ ಅದು ಕರ್ತನ ಮಾತಲ್ಲ. 13ನೇ ಅಧ್ಯಾಯ ಇನ್ನೂ ತೀಕ್ಷ್ಣ: ಪ್ರವಾದಿ ಹೇಳಿದ ಗುರುತು ನಿಜವಾಗಿಯೇ ನಡೆದರೂ, ಅವನು ನಿಮ್ಮನ್ನು ಬೇರೆ ದೇವರುಗಳ ಕಡೆಗೆ ಕರೆದರೆ ಕಿವಿಗೊಡಬೇಡಿ. ಎರಡನ್ನೂ ಜೋಡಿಸಿ ಓದಿದರೆ ಮಾತು ತಪ್ಪಿದಾಗ ಪ್ರವಾದಿ ಸುಳ್ಳನೆಂದು ತೀರ್ಮಾನವಾಗುತ್ತದೆ. ಮಾತು ನಿಜವಾದಾಗ ಏನೂ ತೀರ್ಮಾನವಾಗುವುದಿಲ್ಲ, ಅವನು ನಮ್ಮನ್ನು ಎಲ್ಲಿಗೆ ಕರೆದುಕೊಂಡು ಹೋಗುತ್ತಿದ್ದಾನೆ ಎಂಬ ಪ್ರಶ್ನೆ ಉಳಿದೇ ಇರುತ್ತದೆ. ಫೋನ್ ನಂಬರ್ ಹೇಳಿದರು, ಅಜ್ಜಿಯ ಹೆಸರು ಹೇಳಿದರು ಎಂದು ಬೆರಗಾಗುವ ನಾವು ಈ ಎರಡನೆಯ ಪ್ರಶ್ನೆಯ ತನಕ ಹೋಗುವುದೇ ಇಲ್ಲ.

ಪ್ರವಾದಿಗಳಾದ ಯೆರೆಮೀಯ ಮತ್ತು ಹನನ್ಯರ ಮುಖಾಮುಖಿಯಲ್ಲಿ ಈ ಕಷ್ಟ ಇನ್ನೂ ಸ್ಪಷ್ಟವಾಗಿ ಕಾಣುತ್ತದೆ. ಬಾಬಿಲೋನಿನ ನೊಗ ಎರಡೇ ವರ್ಷಗಳಲ್ಲಿ ಮುರಿಯುತ್ತದೆ, ದೋಚಿಕೊಂಡು ಹೋದ ದೇವಾಲಯದ ಪಾತ್ರೆಗಳು ಹಿಂದಿರುಗುತ್ತವೆ ಎಂದು ಹನನ್ಯನು ದೇವಾಲಯದಲ್ಲಿಯೇ ಸಾರಿದ. ಯೆರೆಮೀಯನ ಮೊದಲ ಉತ್ತರ ‘ಆಮೆನ್, ಕರ್ತನು ಹಾಗೆಯೇ ಮಾಡಲಿ’ ಎಂಬುದು. ಅವನಿಗೂ ಆ ಮಾತು ನಿಜವಾಗಬೇಕೆಂಬ ಆಸೆ ಇತ್ತು. ನಂತರ, ಸಮಾಧಾನವನ್ನು ನುಡಿಯುವ ಪ್ರವಾದಿಯ ಮಾತು ನೆರವೇರಿದಾಗ ಮಾತ್ರ ಅವನನ್ನು ಕರ್ತನು ಕಳುಹಿಸಿದ್ದು ತಿಳಿಯುತ್ತದೆ ಎಂದ. ಹನನ್ಯನು ಬಾಬಿಲೋನಿನ ಅಧೀನತೆಯ ಗುರುತಾಗಿ ಯೆರೆಮೀಯನು ಹೆಗಲ ಮೇಲೆ ಹೊತ್ತಿದ್ದ ಮರದ ನೊಗವನ್ನು ಮುರಿದುಹಾಕಿದಾಗ ಯೆರೆಮೀಯ ಜಗಳಕ್ಕೆ ನಿಲ್ಲದೆ ಹೊರಟುಹೋದ. ಸ್ಪಷ್ಟವಾದ ಮಾತು ಬಂದ ನಂತರವೇ ಹಿಂದಿರುಗಿ ಅವನನ್ನು ಖಂಡಿಸಿದ. ಎರಡು ತಿಂಗಳೊಳಗೆ ಹನನ್ಯ ಸತ್ತ, ನೊಗ ಮುರಿಯಲಿಲ್ಲ. ತನಗೂ ಇಷ್ಟವಾದ ಮಾತನ್ನು ಇಷ್ಟವಾಯಿತು ಎಂಬ ಕಾರಣಕ್ಕೆ ಒಪ್ಪಿಕೊಳ್ಳದೆ, ಉತ್ತರ ಬರುವ ತನಕ ಸುಮ್ಮನಿರುವುದು ಎಷ್ಟು ಕಷ್ಟವೆಂದು ನನಗೆ ಗೊತ್ತು. ವರ್ಷಗಳ ಹಿಂದೆ ನನ್ನ ಮನಸ್ಸಿನಲ್ಲಿದ್ದ ಒಂದು ನಿರ್ಧಾರಕ್ಕೆ ಸರಿಯಾಗಿ ಹೊಂದುವ ‘ಪ್ರವಾದನೆ’ಯನ್ನು ಹಿರಿಯರೊಬ್ಬರು ಕೊಟ್ಟಾಗ ನಾನು ಯಾರನ್ನೂ ಕೇಳದೆ ಅದನ್ನು ಬಿಗಿದಪ್ಪಿಕೊಂಡೆ. ಅದರಿಂದ ಬಿಡಿಸಿಕೊಳ್ಳಲು ಎರಡು ವರ್ಷ ಬೇಕಾಯಿತು. ಅವರು ಸುಳ್ಳು ಹೇಳಿದರೆಂದು ನಾನು ಈಗಲೂ ಭಾವಿಸುವುದಿಲ್ಲ. ಅವರಿಗೂ ನನಗೂ ಬೇಕಾದದ್ದು ಒಂದೇ ಆಗಿತ್ತು. ನಾವಿಬ್ಬರೂ ಅದನ್ನೇ ದೇವರ ಧ್ವನಿ ಎಂದುಕೊಂಡೆವು.

ಗಡುವು ಹೇಳುವವರ ಕಥೆ ಇದೇ ಬೇರಿನ ಇನ್ನೊಂದು ಟಿಸಿಲು. 1844ರ ಅಕ್ಟೋಬರ್ 22ರಂದು ಕ್ರಿಸ್ತನ ಪುನರಾಗಮನವನ್ನು ಕಾದ ಅಮೆರಿಕದ ಸಾವಿರಾರು ವಿಶ್ವಾಸಿಗಳು ಮರುದಿನ ಬೆಳಗ್ಗೆ ಅತ್ತರು. ಅಮೆರಿಕದ ರೇಡಿಯೊ ಬೋಧಕ ಹೆರಾಲ್ಡ್ ಕ್ಯಾಂಪಿಂಗ್ ತೀರ್ಪಿನ ದಿನ 2011ರ ಮೇ 21 ಎಂದರು. ಆ ದಿನ ಕಳೆದಾಗ ತೀರ್ಪು ಆತ್ಮಿಕವಾಗಿ ನಡೆದಿದೆ, ಅಂತ್ಯ ಅಕ್ಟೋಬರ್ 21ಕ್ಕೆ ಎಂದರು. ಆ ದಿನವೂ ಕಳೆಯಿತು. 2012ರ ಮಾರ್ಚ್‌ನಲ್ಲಿ ಅವರು, ದಿನವನ್ನು ಹೇಳಲು ಹೋದದ್ದು ಪಾಪವಾಗಿತ್ತು ಎಂದು ಬಹಿರಂಗವಾಗಿ ಒಪ್ಪಿಕೊಂಡರು. 90 ವರ್ಷದ ಮನುಷ್ಯ ಹಾಗೆ ಬರೆಯಲು ಎಷ್ಟು ಧೈರ್ಯ ಬೇಕು ಎಂದು ಯೋಚಿಸುತ್ತೇನೆ. ತಪ್ಪಿದ ಪ್ರವಾದನೆಯನ್ನು ತಪ್ಪೆಂದು ಹೇಳಿದವರು ಬಹಳ ಕಡಿಮೆ. 2020ರ ಅಮೆರಿಕದ ಚುನಾವಣೆಯ ಫಲಿತಾಂಶವನ್ನು ದೇವರ ಹೆಸರಿನಲ್ಲಿ ತಪ್ಪಾಗಿ ಹೇಳಿದ ಅನೇಕರಲ್ಲಿ ಕ್ಷಮೆ ಕೇಳಿದವರು ಕೆಲವರೇ, ಹಾಗೆ ಕೇಳಿದವರ ಮೇಲೆ ಸ್ವಂತ ಅನುಯಾಯಿಗಳೇ ಹರಿಹಾಯ್ದರು. ಹಿಂಬಾಲಕರಿಗೆ ಬೇಕಾಗಿದ್ದದ್ದು ಸತ್ಯವಾಗಿರಲಿಲ್ಲ ಎನ್ನುವುದು ಅಲ್ಲಿ ಬಯಲಾಯಿತು. ಯುದ್ಧಕ್ಕೆ ಹೊರಟ ಇಸ್ರಾಯೇಲಿನ ಅರಸ ಅಹಾಬನ ಮುಂದೆ 400 ಪ್ರವಾದಿಗಳು ಒಂದೇ ಸ್ವರದಲ್ಲಿ ಜಯವೆಂದು ಕೂಗಿದಾಗ, ಪ್ರವಾದಿ ಮೀಕಾಯೆಹುವನ್ನು ಕರೆಯಲು ಹೋದ ದೂತನು ನೀನೂ ಅವರಂತೆಯೇ ಒಳ್ಳೆಯ ಮಾತು ಹೇಳು ಎಂದು ಬುದ್ಧಿ ಹೇಳಿದ್ದ.

ಹಾಗಾದರೆ ಪರೀಕ್ಷೆ ಹೇಗೆ? ‘ಎಲ್ಲಾ ಆತ್ಮಗಳನ್ನು ನಂಬದೆ ಪರೀಕ್ಷಿಸಿರಿ’ ಎಂದು ಯೋಹಾನನು ಬರೆಯುವಾಗಲೂ, ‘ಎಲ್ಲವನ್ನೂ ಪರಿಶೋಧಿಸಿರಿ’ ಎಂದು ಪೌಲನು ಥೆಸಲೊನೀಕದವರಿಗೆ ಬರೆಯುವಾಗಲೂ ಬಳಸಿದ ಗ್ರೀಕ್ ಕ್ರಿಯಾಪದ ಒಂದೇ, ‘ದೊಕಿಮಾಜೊ’. ಲೋಹವನ್ನೂ ನಾಣ್ಯವನ್ನೂ ಒರೆಗೆ ಹಚ್ಚುವವರ ಮಾತು ಅದು. ಚಿನ್ನವನ್ನು ಒರೆಗಲ್ಲಿಗೆ ಉಜ್ಜುವವನಿಗೆ ಚಿನ್ನದ ಮೇಲೆ ದ್ವೇಷವಿರುವುದಿಲ್ಲ, ಅದರ ಬೆಲೆ ಗೊತ್ತಿರುವುದರಿಂದಲೇ ಉಜ್ಜುತ್ತಾನೆ. ಬೆರೋಯದವರು ಪೌಲನ ಮಾತನ್ನು ಸಿದ್ಧಮನಸ್ಸಿನಿಂದ ಕೇಳಿದರು, ಹಾಗೆಯೇ ಅವನು ಹೇಳುವುದು ಹೌದೋ ಅಲ್ಲವೋ ಎಂದು ಪ್ರತಿದಿನ ಶಾಸ್ತ್ರಗಳನ್ನು ಶೋಧಿಸಿದರು. ಅಪೊಸ್ತಲನನ್ನೇ ಪರೀಕ್ಷಿಸಿದವರನ್ನು ಲೂಕನು ಸದ್ಗುಣವುಳ್ಳವರು ಎಂದು ಹೊಗಳುತ್ತಾನೆ.

ವಚನವನ್ನು ಉಲ್ಲೇಖಿಸಿದರೆ ಸಾಲದು ಎಂಬುದನ್ನು ಅರಣ್ಯದಲ್ಲಿ ಸೈತಾನನು ಯೇಸುವನ್ನು ಶೋಧಿಸಿದ ಪ್ರಸಂಗವೇ ತಿಳಿಸುತ್ತದೆ. ಅಲ್ಲಿ 91ನೇ ಕೀರ್ತನೆಯನ್ನು ಹೇಳಿದವನು ಸೈತಾನ. ಸುಮಾರು ಕ್ರಿ.ಶ. 180ರಲ್ಲಿ ಲಿಯೋನ್ಸ್‌ನ ಸಭಾಧ್ಯಕ್ಷ ಐರೇನಿಯಸ್ ಕೊಟ್ಟ ಹೋಲಿಕೆಗಿಂತ ಚೆನ್ನಾದದ್ದನ್ನು ನಾನು ಕಂಡಿಲ್ಲ: ಕುಶಲ ಕಲಾವಿದನೊಬ್ಬ ರತ್ನಗಳನ್ನು ಜೋಡಿಸಿ ಅರಸನ ಚಿತ್ರ ಮಾಡಿರುತ್ತಾನೆ. ಇನ್ನೊಬ್ಬ ಅದೇ ರತ್ನಗಳನ್ನು ಕಿತ್ತು ಬೇರೆ ರೀತಿ ಜೋಡಿಸಿ ನರಿಯ ಚಿತ್ರ ಮಾಡಿ, ಅರಸನ ಚಿತ್ರ ಇದೇ ನೋಡಿ ಎನ್ನುತ್ತಾನೆ. ರತ್ನಗಳು ಅಸಲಿಯೇ. ಅರಸನ ಮುಖವನ್ನು ಮೊದಲೇ ಬಲ್ಲವನು ಮಾತ್ರ ಮೋಸಹೋಗುವುದಿಲ್ಲ. ದಿನಕ್ಕೊಂದು ವಚನವನ್ನು ಚೀಟಿಯಂತೆ ಎತ್ತಿಕೊಳ್ಳುವ ಅಭ್ಯಾಸದಿಂದ ಮುಖ ಪರಿಚಯವಾಗುವುದಿಲ್ಲ.

‘ನನ್ನ ಅಭಿಷಿಕ್ತರನ್ನು ಮುಟ್ಟಬೇಡಿರಿ’ ಎಂಬ ಮಾತನ್ನೇ ತೆಗೆದುಕೊಳ್ಳಿ. ನಾಯಕರನ್ನು ಪ್ರಶ್ನಿಸಿದವರ ಮೇಲೆ ಇಷ್ಟು ಬಾರಿ ಎಸೆಯಲಾದ ವಚನ ಇನ್ನೊಂದಿಲ್ಲ. 105ನೇ ಕೀರ್ತನೆಯಲ್ಲಿ ಅದು ಬರುವ ಜಾಗ ನೋಡಿ: ಅಬ್ರಹಾಮ, ಇಸಾಕ, ಯಾಕೋಬರು ಕೆಲವೇ ಮಂದಿಯಾಗಿ ದೇಶದಿಂದ ದೇಶಕ್ಕೆ ಅಲೆಯುತ್ತಿದ್ದಾಗ, ಅವರಿಗೆ ಕೇಡು ಮಾಡದಂತೆ ದೇವರು ಅರಸರಿಗೆ ಕೊಟ್ಟ ಎಚ್ಚರಿಕೆ ಅದು. ಆಸರೆಯಿಲ್ಲದವರನ್ನು ಬಲಿಷ್ಠರಿಂದ ಕಾಯುವ ವಚನವನ್ನು ತಿರುಗಿಸಿ, ಬಲಿಷ್ಠರನ್ನು ಆಸರೆಯಿಲ್ಲದವರ ಪ್ರಶ್ನೆಯಿಂದ ಕಾಯಲು ಬಳಸಲಾಗುತ್ತಿದೆ. ದಾವೀದನು ಅಭಿಷಿಕ್ತನಾದ ಸೌಲನನ್ನು ಕೊಲ್ಲಲಿಲ್ಲ, ಸರಿ. ಆದರೆ ಅವನ ಅನ್ಯಾಯವನ್ನು ದೂರದಿಂದ ಕೂಗಿ ಹೇಳಿದ. ಅದೇ ದಾವೀದ ಅಭಿಷಿಕ್ತನಾಗಿ ಕುಳಿತಾಗ ನಾತಾನನು ಒಳಗೆ ಹೋಗಿ ‘ಆ ಮನುಷ್ಯನು ನೀನೇ’ ಎಂದ. ಅಂತಿಯೋಕ್ಯದಲ್ಲಿ ಪೌಲನು ಪೇತ್ರನನ್ನು ಎಲ್ಲರ ಮುಂದೆ ಎದುರಿಸಿದ. ಪರೀಕ್ಷಿಸಬೇಡ ಎಂದು ಯಾವುದಾದರೂ ಆತ್ಮ ಹೇಳಿದರೆ, ಪರೀಕ್ಷಿಸಿರಿ ಎಂದು ಆಜ್ಞಾಪಿಸಿದ ಆತ್ಮ ಅದಲ್ಲ. ಬೇರೆ ಯಾವ ಗುರುತೂ ಕೈಗೆ ಸಿಗದಿದ್ದಾಗ ನಾನು ಹಿಡಿದುಕೊಳ್ಳುವ ಗುರುತು ಇದು.

ಇದೇ ಗುರುತನ್ನು 16ನೇ ಶತಮಾನದಲ್ಲಿ ಯೇಸುಸಭೆಯ ಸ್ಥಾಪಕ, ಲೊಯೋಲದ ಇಗ್ನೇಷಿಯಸ್ ಬೇರೆ ದಾರಿಯಿಂದ ತಲುಪಿದ್ದರು. ಪರಸತಿಯ ಬೆನ್ನುಹತ್ತಿದ ಕಪಟಿ ತನ್ನ ಮಾತುಗಳು ಅವಳ ಗಂಡನಿಗೋ ತಂದೆಗೋ ತಿಳಿಯಬಾರದೆಂದು ಬಯಸುವಂತೆ, ಶತ್ರುವು ತನ್ನ ಪಿಸುಮಾತು ಗುಟ್ಟಾಗಿ ಉಳಿಯಬೇಕೆಂದು ಬಯಸುತ್ತಾನೆ ಎಂದು ಅವರು ಬರೆದರು. ಅದನ್ನು ವಿವೇಕಿಯೊಬ್ಬರ ಮುಂದೆ ಬಾಯಿಬಿಟ್ಟು ಹೇಳಿದೊಡನೆ ಅದರ ಬಲ ಕುಂದುತ್ತದೆ. ಇಗ್ನೇಷಿಯಸ್ ಇದನ್ನು ಕಲಿತದ್ದು ಸ್ವಂತ ಅನುಭವದಿಂದ. ಸ್ಪೇನಿನ ಮನ್ರೇಸದಲ್ಲಿದ್ದಾಗ ಅನೇಕ ಕಣ್ಣುಗಳಂತೆ ಹೊಳೆಯುವ ಸುಂದರ ಸರ್ಪಾಕಾರವೊಂದು ಅವರಿಗೆ ಮತ್ತೆಮತ್ತೆ ಕಾಣಿಸಿಕೊಂಡು ಸಮಾಧಾನ ಕೊಡುತ್ತಿತ್ತು. ಒಮ್ಮೆ ಶಿಲುಬೆಯ ಮುಂದೆ ಮೊಣಕಾಲೂರಿದಾಗ ಅದರ ಹೊಳಪು ಮಾಸಿದ್ದನ್ನು ಕಂಡು ಅದು ಯಾರೆಂದು ಅರಿತರು. ಮುಂದೆ ಬಾರ್ಸಿಲೋನಾದಲ್ಲಿ ಲ್ಯಾಟಿನ್ ವ್ಯಾಕರಣ ಕಲಿಯಲು ಕುಳಿತರೆ ಸಾಕು, ಧ್ಯಾನದಲ್ಲೂ ಬಾರದಂಥ ಆತ್ಮಿಕ ಒಳನೋಟಗಳು ಉಕ್ಕಿ ಬಂದು ಪಾಠ ನಿಲ್ಲುತ್ತಿತ್ತು. ಪ್ರಾರ್ಥನೆಯ ಹೊತ್ತಿನಲ್ಲಿ ಬಾರದ್ದು ಪಾಠದ ಹೊತ್ತಿನಲ್ಲೇ ಏಕೆ ಬರುತ್ತದೆ ಎಂದು ಕೇಳಿಕೊಂಡು, ಇದು ಶೋಧನೆ ಎಂದು ತೀರ್ಮಾನಿಸಿ, ಗುರುವಿನ ಮುಂದೆ ಎಲ್ಲವನ್ನೂ ಹೇಳಿ, ಇನ್ನು ಪಾಠ ತಪ್ಪಿಸುವುದಿಲ್ಲ ಎಂದು ಮಾತು ಕೊಟ್ಟರು. ಮಧುರವಾದ, ಪವಿತ್ರವಾದ ಅನುಭವ ಕೂಡ ಅಂದಿನ ಕರ್ತವ್ಯದಿಂದ ನಮ್ಮನ್ನು ಕದಿಯಬಹುದು ಎಂಬ ಈ ಸೂಕ್ಷ್ಮಕ್ಕೆ ನಾನು ತಲೆಬಾಗುತ್ತೇನೆ.

ಗುಟ್ಟಿನ ಮಾತು ಬಂದಾಗ ರವಿ ಜಕರಾಯಸ್ ಅವರ ಹೆಸರನ್ನು ತೆಗೆಯಲೇಬೇಕು. ಅವರು ಕ್ರೈಸ್ತ ನಂಬಿಕೆಯನ್ನು ತರ್ಕಬದ್ಧವಾಗಿ ಸಮರ್ಥಿಸಿ ಲೋಕಪ್ರಸಿದ್ಧರಾದವರು. ಅವರ ಬೋಧನೆಯಲ್ಲಿ ದೋಷ ಹುಡುಕುವುದು ಕಷ್ಟವಾಗಿತ್ತು. 2020ರಲ್ಲಿ ಅವರು ತೀರಿಕೊಂಡ ನಂತರ, 2021ರ ಫೆಬ್ರುವರಿಯಲ್ಲಿ ಅವರದೇ ಸಂಸ್ಥೆ ನೇಮಿಸಿದ ವಕೀಲರ ತನಿಖಾ ವರದಿ ವರ್ಷಗಟ್ಟಲೆ ನಡೆದ ಲೈಂಗಿಕ ಶೋಷಣೆಯನ್ನು ಬಯಲಿಗೆ ತಂದಿತು. ನೀನು ಬಾಯಿಬಿಟ್ಟರೆ ನನ್ನ ಹೆಸರು ಕೆಟ್ಟು ಲಕ್ಷಾಂತರ ಆತ್ಮಗಳು ನಾಶವಾಗುವುದಕ್ಕೆ ನೀನೇ ಹೊಣೆ ಎಂದು ಅವರು ಎಚ್ಚರಿಸಿದ್ದರೆಂದು ಒಬ್ಬ ಮಹಿಳೆ ತನಿಖೆಗೆ ಹೇಳಿದ್ದರು. ಆ ವಾಕ್ಯವನ್ನು ಓದಿದ ದಿನ ನನಗೆ ನಿದ್ದೆ ಬರಲಿಲ್ಲ. ಸುವಾರ್ತೆಯನ್ನೇ ಬಾಯಿಗೆ ಬೀಗ ಹಾಕಲು ಬಳಸಿದ ವಂಚನೆ ಇದು. ಸಿದ್ಧಾಂತ ಸರಿಯಿದ್ದರೆ ಸಾಕು ಎಂದುಕೊಂಡ ನಮ್ಮಂಥವರಿಗೆ, ಫಲಗಳಿಂದ ತಿಳಿದುಕೊಳ್ಳುವಿರಿ ಎಂದು ಯೇಸು ಹೇಳಿದ ಮಾತಿನ ಅರ್ಥ ಎಷ್ಟು ತಡವಾಗಿ ತಿಳಿಯಿತು! ಫಲವೆಂದರೆ ವೇದಿಕೆಯ ಮುಂದೆ ಸೇರಿದ ಜನಸಂಖ್ಯೆ ಎಂದು ನಾವು ಅಂದುಕೊಂಡಿದ್ದೆವು. ಪ್ರವಾದನೆ, ದೆವ್ವ ಬಿಡಿಸುವುದು, ಮಹತ್ಕಾರ್ಯ ಎಲ್ಲವನ್ನೂ ಲೆಕ್ಕ ಒಪ್ಪಿಸುವವರಿಗೆ ‘ನಾನು ನಿಮ್ಮನ್ನು ಎಂದೂ ಅರಿಯೆ’ ಎಂಬ ಉತ್ತರ ಅದೇ ಅಧ್ಯಾಯದಲ್ಲಿ, ಕೆಲವೇ ವಚನಗಳ ಆಚೆ ಇದೆ.

ಆದಿಸಭೆ ಈ ವಿಷಯದಲ್ಲಿ ನಮಗಿಂತ ನೇರವಾಗಿತ್ತು. ದಿದಖೆ ಎಂಬ ಪುಟ್ಟ ಬರಹ ಸುಮಾರು ಒಂದನೆಯ ಶತಮಾನದ ಕೊನೆಯ ಹೊತ್ತಿನದು. ಶತಮಾನಗಳ ಕಾಲ ಕಣ್ಮರೆಯಾಗಿದ್ದ ಅದರ ಹಸ್ತಪ್ರತಿ 1873ರಲ್ಲಿ ಕಾನ್‌ಸ್ಟಾಂಟಿನೋಪಲ್‌ನಲ್ಲಿ ಸಿಕ್ಕಿತು. ಅಲೆಮಾರಿ ಅಪೊಸ್ತಲನು ಬಂದರೆ ಕರ್ತನನ್ನು ಬರಮಾಡಿಕೊಂಡಂತೆ ಬರಮಾಡಿಕೊಳ್ಳಿ ಎನ್ನುತ್ತದೆ ಅದು. ಒಂದು ದಿನ, ಅಗತ್ಯವಿದ್ದರೆ ಇನ್ನೊಂದು ದಿನ ಇರಲಿ. ಮೂರು ದಿನ ಉಳಿದರೆ ಅವನು ಸುಳ್ಳು ಪ್ರವಾದಿ. ಹೊರಡುವಾಗ ಮುಂದಿನ ತಂಗುದಾಣದ ತನಕ ಸಾಲುವಷ್ಟು ರೊಟ್ಟಿ ಕೊಡಿ; ಹಣ ಕೇಳಿದರೆ ಸುಳ್ಳು ಪ್ರವಾದಿ. ಆತ್ಮಾವೇಶದಲ್ಲಿ ಊಟಕ್ಕೆ ಏರ್ಪಾಡು ಮಾಡಲು ಹೇಳಿ ತಾನೇ ಅದನ್ನು ಉಂಡರೆ ಸುಳ್ಳು ಪ್ರವಾದಿ. ಕೊರತೆಯಲ್ಲಿರುವ ಬೇರೆಯವರಿಗೆ ಕೊಡಿ ಎಂದರೆ ಅವನಿಗೆ ತೀರ್ಪು ಮಾಡಬೇಡಿ. ಒಟ್ಟಿನಲ್ಲಿ ಅವನ ನಡತೆಯಲ್ಲಿ ಕರ್ತನ ರೀತಿ ಇದೆಯೇ ನೋಡಿ. ತಮ್ಮ ಬಾಯಿಗೆ ಊಟ ಹಾಕಿದವರಿಗೆ ಸಮಾಧಾನವನ್ನೂ ಹಾಕದವರಿಗೆ ಯುದ್ಧವನ್ನೂ ಸಾರುವ ಪ್ರವಾದಿಗಳ ಬಗ್ಗೆ ಮೀಕನು ಬರೆದದ್ದು ಆ ಸಭೆಗಳಿಗೆ ನೆನಪಿತ್ತು. ಲೆಕ್ಕಪತ್ರ ತೋರಿಸಿ ಎಂದು ಕೇಳುವುದನ್ನು ಅವಿಶ್ವಾಸ ಎಂದು ಕರೆಯುವ ಸೇವೆಗಳು ದಿದಖೆಯ ಕಾಲದಲ್ಲಿ ಮೂರನೆಯ ದಿನ ದಾಟುತ್ತಿರಲಿಲ್ಲ.

ವಂಚನೆಗೆ ಒಬ್ಬ ವ್ಯಕ್ತಿಯೇ ಬೇಕೆಂದಿಲ್ಲ, ಇಡೀ ಸಭೆಯೇ ಬಹುಮತದಿಂದ ದಾರಿತಪ್ಪಬಹುದು. 1933ರಲ್ಲಿ ಜರ್ಮನಿಯ ಪ್ರೊಟೆಸ್ಟಂಟ್ ಸಭೆಗಳ ದೊಡ್ಡ ಭಾಗ ಹಿಟ್ಲರನ ಉದಯದಲ್ಲಿ ದೇವರ ಕೈಯನ್ನು ಕಂಡಿತು. ಆ ನವೆಂಬರ್‌ನಲ್ಲಿ ಬರ್ಲಿನ್ನಿನ ಸಮಾವೇಶವೊಂದರಲ್ಲಿ ‘ಜರ್ಮನ್ ಕ್ರೈಸ್ತರು’ ಬಣದ ಭಾಷಣಕಾರ ಹಳೆಯ ಒಡಂಬಡಿಕೆಯನ್ನೇ ಬಿಡಬೇಕೆಂದಾಗ ಚಪ್ಪಾಳೆ ಬಿದ್ದಿತು. 1934ರ ಮೇ ತಿಂಗಳಲ್ಲಿ ಬಾರ್ಮೆನ್‌ನಲ್ಲಿ ಸೇರಿದ ಅಲ್ಪಸಂಖ್ಯಾತರು, ದೇವತಾಶಾಸ್ತ್ರಜ್ಞ ಕಾರ್ಲ್ ಬಾರ್ತ್ ಬರೆದ ಕರಡನ್ನು ಆಧರಿಸಿ, ಶಾಸ್ತ್ರದಲ್ಲಿ ಸಾಕ್ಷಿ ಹೊಂದಿದ ಯೇಸು ಕ್ರಿಸ್ತನೇ ನಾವು ಕೇಳಬೇಕಾದ ದೇವರ ಒಂದೇ ವಾಕ್ಯ ಎಂದು ಘೋಷಿಸಿದರು. ಯಾವ ನಾಯಕನಾಗಲಿ, ಯಾವ ಐತಿಹಾಸಿಕ ಗಳಿಗೆಯಾಗಲಿ ಅದರ ಪಕ್ಕದಲ್ಲಿ ಎರಡನೆಯ ಪ್ರಕಟನೆಯಾಗಿ ಕೂರಬಾರದು ಎಂಬುದು ಅದರ ಮೊದಲ ಪ್ರಬಂಧದ ತಿರುಳು. ಆತ್ಮಗಳ ವಿವೇಚನೆ ಎಂದರೆ ದೆವ್ವ ಬಿಡಿಸುವ ಕೂಟದಲ್ಲಿ ಮಾತ್ರ ಬೇಕಾದ ವರವೆಂದು ತಿಳಿದವರು ಇದನ್ನು ಓದಬೇಕು.

ಇತ್ತೀಚಿನ ಒಂದು ಹೆಜ್ಜೆಯನ್ನೂ ಇಲ್ಲಿ ಸೇರಿಸುತ್ತೇನೆ. 2024ರ ಮೇ 17ರಂದು ವ್ಯಾಟಿಕನ್, ದರ್ಶನ ಮತ್ತು ಅದ್ಭುತಗಳ ವಾರ್ತೆಗಳನ್ನು ವಿವೇಚಿಸುವ ಹೊಸ ನಿಯಮಗಳನ್ನು ಹೊರಡಿಸಿತು. 1978ರ ನಿಯಮಗಳ ಜಾಗಕ್ಕೆ ಬಂದ ಇವುಗಳಲ್ಲಿ ಆರು ಬಗೆಯ ತೀರ್ಮಾನಗಳಿವೆ. ಅತ್ಯಂತ ಅನುಕೂಲಕರ ತೀರ್ಮಾನ ಕೂಡ ‘ಅಡ್ಡಿಯಿಲ್ಲ’ ಎನ್ನುತ್ತದೆಯೇ ಹೊರತು, ಇದು ಅಲೌಕಿಕವೆಂದು ಸಾಮಾನ್ಯವಾಗಿ ಮುದ್ರೆ ಒತ್ತುವುದಿಲ್ಲ. ಹಣ, ಅಧಿಕಾರ, ಹೆಸರಿನ ಆಸೆ ಅದರ ಹಿಂದೆ ಇದೆಯೇ ಎಂದು ನೋಡಲೂ ಅದು ಸ್ಪಷ್ಟವಾಗಿ ಹೇಳುತ್ತದೆ. ನಾನು ಕಥೋಲಿಕನಲ್ಲ, ಆದರೂ ನಿಧಾನಿಸಲು ಒಂದು ಸಭೆ ನಿಯಮವನ್ನೇ ಮಾಡಿಕೊಂಡಿರುವುದು ನನಗೆ ಹಿಡಿಸಿತು.

ಇಷ್ಟೆಲ್ಲ ಬರೆದ ಮೇಲೆ ಎದುರು ಬದಿಯ ಹಳ್ಳವನ್ನೂ ತೋರಿಸದಿದ್ದರೆ ಅನ್ಯಾಯವಾಗುತ್ತದೆ. ಎಲ್ಲೆಲ್ಲೂ ವಂಚನೆಯನ್ನೇ ಕಾಣುವವರು, ತಮ್ಮ ಪಂಗಡದ ರಾಗಕ್ಕೆ ಹೊಂದದ ಹಾಡನ್ನೆಲ್ಲ ಸೈತಾನನದು ಎನ್ನುವವರು, ಅರ್ಧ ನಿಮಿಷದ ತುಣುಕನ್ನು ನೋಡಿ ಒಬ್ಬರ ಇಡೀ ಸೇವೆಯನ್ನು ಬಲಿಹಾಕುವವರು ವಿವೇಚನೆಯ ಹೆಸರಿನಲ್ಲಿಯೇ ಸಹೋದರರ ಮೇಲೆ ಸುಳ್ಳುಸಾಕ್ಷಿ ಹೇಳುತ್ತಿದ್ದಾರೆ. ಪೌಲನು ಎಲ್ಲವನ್ನೂ ಪರಿಶೋಧಿಸಿರಿ ಎನ್ನುವ ಮೊದಲು ಪವಿತ್ರಾತ್ಮನನ್ನು ನಂದಿಸಬೇಡಿರಿ, ಪ್ರವಾದನೆಗಳನ್ನು ಹೀನೈಸಬೇಡಿರಿ ಎಂದಿದ್ದಾನೆ. ನಂತರ, ಒಳ್ಳೆಯದನ್ನು ಹಿಡಿದುಕೊಳ್ಳಿರಿ ಎಂದಿದ್ದಾನೆ. 1741ರಲ್ಲಿ ನ್ಯೂ ಹೇವನ್‌ನಲ್ಲಿ ಮಾತನಾಡಿದ ಅಮೆರಿಕದ ಬೋಧಕ ಜೊನಾಥನ್ ಎಡ್ವರ್ಡ್ಸ್ ಅವರಿಗೆ, ಎಲ್ಲವನ್ನೂ ನಂಬುವವರು ಮತ್ತು ಎಲ್ಲವನ್ನೂ ತಳ್ಳಿಹಾಕುವವರು ಎಂಬ ಎರಡೂ ಗುಂಪುಗಳು ಎದುರಿಗಿದ್ದವು. ಜನ ನಡುಗುವುದು, ಅಳುವುದು, ಬೀಳುವುದು ದೇವರ ಕೆಲಸವೆಂದೂ ಸಾಬೀತು ಮಾಡುವುದಿಲ್ಲ, ಅಲ್ಲವೆಂದೂ ಸಾಬೀತು ಮಾಡುವುದಿಲ್ಲ ಎಂದು ಅವರು ಇಬ್ಬರಿಗೂ ಹೇಳಿದರು. ಕ್ರಿಸ್ತನ ಮೇಲಿನ ಗೌರವ ಹೆಚ್ಚುತ್ತಿದೆಯೇ, ಪಾಪದ ಮೇಲಿನ ಮೋಹ ಇಳಿಯುತ್ತಿದೆಯೇ, ಶಾಸ್ತ್ರದ ಹಸಿವು, ಸತ್ಯ, ದೇವರ ಮೇಲೂ ನೆರೆಯವರ ಮೇಲೂ ಪ್ರೀತಿ ಬೆಳೆಯುತ್ತಿವೆಯೇ ಎಂದು ಒಂದನೆಯ ಯೋಹಾನನ ಪತ್ರದ ನಾಲ್ಕನೇ ಅಧ್ಯಾಯವನ್ನೇ ಹಿಡಿದು ಕೇಳಿದರು. ಇವುಗಳಲ್ಲಿ ಯಾವುದನ್ನೂ ಒಂದು ಸಂಜೆಯಲ್ಲಿ ಅಳೆಯಲಾಗದು.

ಒಬ್ಬನೇ ಕುಳಿತು ಅಳೆಯಲೂ ಆಗದು. ಪ್ರವಾದಿಗಳಲ್ಲಿ ಇಬ್ಬರೋ ಮೂವರೋ ಮಾತನಾಡಲಿ, ಉಳಿದವರು ವಿವೇಚಿಸಲಿ ಎಂದು ಪೌಲನು ಕೊರಿಂಥದವರಿಗೆ ಬರೆದಾಗ ವಿವೇಚನೆಯನ್ನು ಸಭೆಯ ಕೈಗೆ ಕೊಟ್ಟ. ಪ್ರವಾದನೆ ಬಂದ ಮೇಲೆ ಮೌನವಾಗಿ ಕುಳಿತು ‘ಇದನ್ನು ನಾವು ಹೇಗೆ ತೂಗೋಣ’ ಎಂದು ಕೇಳುವ ಆರಾಧನೆಗಳನ್ನು ನಾನು ಬೆರಳೆಣಿಕೆಯಷ್ಟು ಕಂಡಿದ್ದೇನೆ. ಪರದೆಯ ಮುಂದೆ ಒಂಟಿಯಾಗಿ ಕುಳಿತವನಿಗೆ ಆ ‘ಉಳಿದವರು’ ಯಾರೂ ಇರುವುದಿಲ್ಲ. ಅವನಿಗೆ ನಿಮ್ಮ ಮನೆಯಲ್ಲಿಯೋ ಸಭೆಯಲ್ಲಿಯೋ ಒಂದು ಕುರ್ಚಿ ಬೇಕು, ನಗದೆ ಕೇಳುವ ಒಬ್ಬರು ಬೇಕು.

ಮೋಸಹೋಗಿ ಹೊರಬಂದವರಿಗೆ ಇನ್ನೂ ಹೆಚ್ಚಾಗಿ ಬೇಕು. ಅವರು ನನ್ನನ್ನು ಕೇಳುವುದು ಬಹುತೇಕ ಒಂದೇ ಪ್ರಶ್ನೆ: ಅಲ್ಲಿ ನಾನು ಕೇಳಿದ ಸುವಾರ್ತೆಯೂ ಸುಳ್ಳೇ? ನಾನು ಅವರಿಗೆ ಬೇತೇಲಿನ ಕಥೆಯ ಉಳಿದ ಭಾಗವನ್ನು ಓದಿ ಹೇಳುತ್ತೇನೆ. ಸುಳ್ಳು ಹೇಳಿದ ಮುದುಕನೇ ಹೋಗಿ ಶವವನ್ನು ತಂದು, ‘ಅಯ್ಯೋ, ನನ್ನ ಸಹೋದರನೇ’ ಎಂದು ಗೋಳಾಡಿ, ತನ್ನ ಸ್ವಂತ ಸಮಾಧಿಯಲ್ಲಿ ಇಟ್ಟನು. ಆ ಬಲಿಪೀಠದ ವಿರುದ್ಧ ಇವನು ಸಾರಿದ ಮಾತು ನಿಶ್ಚಯವಾಗಿ ನೆರವೇರುತ್ತದೆ, ನಾನು ಸತ್ತಾಗ ನನ್ನನ್ನು ಇವನ ಎಲುಬುಗಳ ಪಕ್ಕದಲ್ಲೇ ಹೂಣಿಡಿ ಎಂದು ಮಕ್ಕಳಿಗೆ ಹೇಳಿದನು. ಸುಮಾರು 300 ವರ್ಷಗಳ ನಂತರ ಅರಸ ಯೋಷೀಯನು ಬಂದು ಆ ಬಲಿಪೀಠವನ್ನು ಕೆಡವಿ, ಸುತ್ತಲಿನ ಸಮಾಧಿಗಳ ಎಲುಬುಗಳನ್ನು ತೆಗೆದು ಅದರ ಮೇಲೆ ಸುಡುತ್ತಿದ್ದಾಗ ಒಂದು ಗೋರಿಯ ಗುರುತಿನ ಕಲ್ಲು ಅವನ ಕಣ್ಣಿಗೆ ಬಿತ್ತು. ಅದು ಯಾರದು ಎಂದು ಕೇಳಿದನು. ನೀನು ಈಗ ಮಾಡಿದ್ದನ್ನೆಲ್ಲ ಮುಂಚೆಯೇ ಸಾರಿದ, ಯೆಹೂದದಿಂದ ಬಂದ ದೇವರ ಮನುಷ್ಯನದು ಎಂದರು ಊರವರು. ಅದನ್ನು ಬಿಡಿ, ಅವನ ಎಲುಬುಗಳನ್ನು ಯಾರೂ ಮುಟ್ಟಬಾರದು ಎಂದನು ಅರಸ.